ಚಿಪ್ಪಿನ ಗುಂಡಿಯ ಗಣಿತ ಕೀಪ್ಯಾಡ್

ನೊಣವಿನಕೆರೆ ಕಡೆ ನಮ್ಮ ಮನೆತನದ ಹೆಸರು ಹೇಳಿದರೆ ಕೂತವರು ಇಂದಿಗೂ ಎದ್ದು ನಿಲ್ಲುತ್ತಾರೆ. ನಮ್ಮ ತಾತ ಪಂಚಾಯ್ತಿ ಹೇಳಿದರೆ ಸೋತವರೂ ಊಟ ಮಾಡಿಕೊಂಡೇ ಹೋಗುತ್ತಿದ್ದರು. ನಾಲ್ಕು ತಲೆಮಾರಿನಲ್ಲಿ ನಮ್ಮವರು ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಲ್ಲ. ಒಬ್ಬ ಚಿಕ್ಕಪ್ಪ ಹತ್ತಿದ್ದು ಸಾಕ್ಷಿ ಹೇಳುವುದಕ್ಕೆ. ನಾನು ಕಾನ್ವೆಂಟ್‌ನಲ್ಲಿ ಓದಿದವಳು. ಸಮ ಚಿಹ್ನೆಯ ಎರಡು ಗೆರೆ ಒಂದೇ ಉದ್ದ ಇಲ್ಲದಿದ್ದರೆ ಅಲ್ಲಿ ಸಿಸ್ಟರ್ ಪುಟವನ್ನೇ ಹರಿದುಬಿಡುತ್ತಿದ್ದರು. ತಿಪಟೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಇಷ್ಟು ಶಿಸ್ತಿನಿಂದ ಇರುವವರ ಸುತ್ತಲೇ ಶಿಸ್ತಿಲ್ಲದ ಸಂಗತಿಗಳು ಯಾಕೆ ನಡೆಯುತ್ತಿರುತ್ತವೋ ತಿಳಿಯದು. ನಗುವವರು ನಗಲಿ, ಆದರೆ ಕೊನೆಯವರೆಗೆ ಓದಲಿ.

೧. ರೈಟ್ ಮಾರ್ಕು

ನಾನು ಬರೆದುಕೊಟ್ಟ ಪ್ರಶ್ನೆಪತ್ರಿಕೆಯನ್ನು ಡಿಟಿಪಿ ಅಂಗಡಿಯವನು ಟೈಪ್ ಮಾಡಿದ. ವರ್ಗಮೂಲದ ಚಿಹ್ನೆ ಅವನಿಗೆ ಸಿಗಲಿಲ್ಲ. ಸಿಗದಿದ್ದರೆ ಕೇಳಬೇಕು, ಕೇಳಲಿಲ್ಲ. ನೋಡಲು ಹಾಗೆಯೇ ಇದೆ ಎಂದು ಪ್ರತಿ ಸಂಖ್ಯೆಯ ಮುಂದೆ ಒಂದು ರೈಟ್ ಮಾರ್ಕು ಹಾಕಿಬಿಟ್ಟ.

ಪರೀಕ್ಷೆಯಲ್ಲಿ ಇಡೀ ತರಗತಿ ವರ್ಗಮೂಲದ ಐದೂ ಲೆಕ್ಕ ಬಿಟ್ಟಿತ್ತು. ಯಾಕೆ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ನೀವೇ ರೈಟ್ ಹಾಕಿದ್ರಲ್ಲ ಮಿಸ್, ಇನ್ನೇನ್ ಮಾಡ್ಬೇಕಿತ್ತು?" ಎಂದಳು.

ಅಂದೇ ತೀರ್ಮಾನಿಸಿದೆ: ಗಣಿತದ ಚಿಹ್ನೆಗಳಿಗೇ ಒಂದು ಕೀಪ್ಯಾಡ್ ಆಗಬೇಕು. ಒಂದು ಚಿಹ್ನೆಗೆ ಒಂದು ಗುಂಡಿ, ಒತ್ತಿದರೆ ಅದೇ ಬರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ಗಣಿತ ಶಿಕ್ಷಕರ ಬಳಗಕ್ಕೆ ಪತ್ರ ಬರೆದೆ. ಮಾಡಿ ತೋರಿಸಿ, ಒಪ್ಪಿಗೆಯಾದರೆ ಎಲ್ಲ ಶಾಲೆಯ ಪ್ರಶ್ನೆಪತ್ರಿಕೆಯೂ ನಿಮ್ಮ ಕೈಯಲ್ಲೇ ಎಂದು ಉತ್ತರ ಬಂತು. ನನ್ನ ಹೆಸರು ಪಣಕ್ಕೆ ಬಿತ್ತು.

೨. ತಿರುಗಿಸಿದರೆ ಆಯ್ತು

ನಮ್ಮಲ್ಲಿ ಟಿವಿ ರಿಮೋಟು, ಮಿಕ್ಸಿ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದಾರೆ. ಹಳೆಯ ಕೀಬೋರ್ಡ್ ಬಿಚ್ಚಿ ಹೊಸ ಕೀಪ್ಯಾಡ್ ಮಾಡಲು ಅವರು ಒಪ್ಪಿದರು. ಇಪ್ಪತ್ನಾಲ್ಕು ಚಿಹ್ನೆಗಳನ್ನು ಸ್ಕೇಲ್ ಇಟ್ಟು ಬರೆದುಕೊಟ್ಟೆ. ವಾರ ಬಿಟ್ಟು ಹೋದರೆ ಇಪ್ಪತ್ಮೂರೇ ಗುಂಡಿ.

"ಒಂದು ಎಲ್ಲಿ?" ಎಂದೆ.

"ಈ ಚಿಕ್ಕದು, ದೊಡ್ಡದು ಅಂತ ಎರಡು ಬರ್ದಿದ್ರಲ್ಲ ಮೇಡಂ, ಎರಡೂ ಒಂದೇ. ಬಾಯಿ ಆಕಡೆ, ಬಾಯಿ ಈಕಡೆ. ಒಂದೇ ಹಾಕಿದೀನಿ."

"ಇನ್ನೊಂದು ಬೇಕಾದಾಗ?"

ಸಾಹೇಬರು ಕೀಪ್ಯಾಡನ್ನು ಮೇಜಿನ ಮೇಲೆ ತಲೆಕೆಳಗಾಗಿ ತಿರುಗಿಸಿಟ್ಟರು. "ಹಿಂಗಿಟ್ಕೊಂಡು ಹೊಡೀರಿ. ಅದೇನ್ ಕಷ್ಟ?"

೩. ಮುಗಿಯದ್ದು ಮುಗಿಯಿತು

ಪ್ಲಾಸ್ಟಿಕ್ ಗುಂಡಿಯ ಮೇಲೆ ಅಂಟಿಸಿದ ಚೀಟಿ ಎರಡೇ ದಿನಕ್ಕೆ ಕಿತ್ತುಬರುತ್ತಿತ್ತು. "ನಮ್ಮ ತೋಟದ ತೆಂಗಿನ ಚಿಪ್ಪು ರಾಶಿ ಬಿದ್ದೈತೆ, ಅದರಲ್ಲೇ ಕಡೆಸು ಕಣೇ" ಎಂದರು ನಮ್ಮ ಯಜಮಾನರು. ಚಿಪ್ಪಿನಲ್ಲಿ ಸೌಟು ಮಾಡುವವರ ಹತ್ತಿರ, ಸಾಹೇಬರು ಬಿಟ್ಟಿದ್ದನ್ನೂ ಸೇರಿಸಿ, ಇಪ್ಪತ್ನಾಲ್ಕು ದುಂಡನೆಯ ಗುಂಡಿ ಕಡೆಸಿದೆವು. ಸಾಹೇಬರು ಕಾದ ಕಂಬಿಯಲ್ಲಿ ಚಿಹ್ನೆ ಸುಟ್ಟು ಕೂರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಇನ್ನೂ ಹೊಳೆಯಲಿ ಎಂದು ಯಜಮಾನರು ನನ್ನನ್ನು ಕೇಳದೆ ಕೊಬ್ಬರಿ ಎಣ್ಣೆ ತಿಕ್ಕಿದರು.

ಕೊಬ್ಬರಿಗೆಂದು ಅಟ್ಟದ ತುಂಬ ಕಾಯಿ ಹಾಕಿದ ಮನೆ, ಇಲಿಗೆ ಬರವೇ? ಬೆಳಿಗ್ಗೆ ನೋಡಿದರೆ ಅನಂತದ ಗುಂಡಿಯನ್ನು ಕಡಿದು ಪುಡಿ ಮಾಡಿಹಾಕಿತ್ತು. ಪುಡಿಯ ಮುಂದೆ ಯಜಮಾನರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಅನಂತ ಅಂದ್ರೆ ಮುಗಿಯೋದೇ ಇಲ್ಲ ಅಂದಿದ್ಯಲ್ಲೇ? ಇಲಿ ಒಂದೇ ಏಟಿಗೆ ಮುಗಿಸೈತೆ ನೋಡು."

ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾದದ್ದು ಮೂರನೆಯ ದಿನ.

೪. ತುರುವೇಕೆರೆಯ ಸಭೆ

ಬಳಗದ ಸಭೆ ತುರುವೇಕೆರೆಯ ಶಾಲೆಯೊಂದರಲ್ಲಿ. ಅನಂತಕ್ಕೆ ಹೊಸ ಗುಂಡಿ ಕೂರಿಸಿಯಾಗಿತ್ತು. ಹೊರಡುವ ಮುನ್ನ ಇಪ್ಪತ್ನಾಲ್ಕು ಗುಂಡಿಯನ್ನೂ ಒತ್ತಿ ನೋಡಿದೆ, ಎಲ್ಲ ಸರಿಯಿತ್ತು. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ನನಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ದಾರಿಯುದ್ದಕ್ಕೂ ಕುಲುಕಾಟ. ದುಂಡನೆಯ ಗುಂಡಿಗಳು ಕೂತಲ್ಲೇ ತಿರುಗಿದ್ದವು. ಕೂಡುವ ಗುಂಡಿ ವಾಲಿ ಗುಣಿಸುವುದರಂತೆಯೂ, ಗುಣಿಸುವುದು ನೆಟ್ಟಗಾಗಿ ಕೂಡುವುದರಂತೆಯೂ ಆಗಿದ್ದು ನನಗೆ ಹೇಗೆ ತಿಳಿಯಬೇಕು?

ನಲವತ್ತು ಜನ ಶಿಕ್ಷಕರು. ನಾನು ಅವರಿಗೆ ಮುಖ ಮಾಡಿ ಕುಳಿತಿದ್ದೆ. ಟೈಪ್ ಮಾಡಿದ್ದು ಬೆನ್ನ ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಪ್ರೊಜೆಕ್ಟರ್ ಇಟ್ಟಿದ್ದರು. ಬಳಗದ ಅಧ್ಯಕ್ಷರು ಮೊದಲ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿಕೊಂಡಿದ್ದರು.

"ದೊಡ್ಡದೇನೂ ಬ್ಯಾಡಿ ಮೇಡಂ. ಎರಡೆರಡ್ಲೆ ನಾಕು, ಅಷ್ಟು ಹೊಡೆದು ತೋರ್ಸಿ."

ಹೊಡೆದೆ.

"ಫಸ್ಟ್ ಕ್ಲಾಸ್! ಕರೆಕ್ಟಾಗಿ ಬಂದೈತೆ!" ಎಂದು ಅಧ್ಯಕ್ಷರೇ ಮೊದಲು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ಎಲ್ಲಿ, ಇನ್ನೊಂದು. ಮೂರ್ಮೂರ್ಲೆ ಒಂಬತ್ತು."

ಹೊಡೆದೆ. ಚಪ್ಪಾಳೆ ಬರಲಿಲ್ಲ. ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಹಾಲ್ ನಕ್ಕಿತು. ತಿರುಗಿ ನೋಡಿದರೆ ಗೋಡೆಯ ಮೇಲೆ ಮೊಳದುದ್ದ ಅಕ್ಷರದಲ್ಲಿ: ೩ + ೩ = ೯.

ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ, "ಕಾನ್ವೆಂಟ್ ಲೆಕ್ಕ ಕಣ್ರಪ್ಪ! ನಮ್ಮಂಥೋರಿಗೆಲ್ಲಿ ತಿಳೀತದೆ, ಬುಡಿ!" ಎಂದರು. ಹಿಂದಿನ ಸಾಲಿನಲ್ಲಿ ಯಾರದೋ ಟೀ ಚೆಲ್ಲಿತು.

ನಾನು ಎದ್ದು ನಿಂತೆ. "ಸಾರ್, ಮೇಲಿನ ಸಾಲು ಸ್ವಲ್ಪ ಓದಿ."

"ಎರಡು ಪ್ಲಸ್ ಎರಡು, ನಾಲ್ಕು."

"ನೀವು ಕೇಳಿದ್ದು?"

ಅಧ್ಯಕ್ಷರು ಕಾಲು ಕೆಳಗಿಳಿಸಿದರು. ಗೋಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

"ಉತ್ತರ ಸರಿ ಐತಲ್ಲ ಮೇಡಂ!"

ಈ ಸಲದ ನಗು ಶಾಲೆಯ ಗೇಟಿನವರೆಗೆ ಕೇಳಿಸಿತಂತೆ. ನನ್ನ ಕೀಪ್ಯಾಡಿನ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಗುಂಡಿಗಳನ್ನು ಚೌಕವಾಗಿ ಮಾಡಿಸಿದ್ದೇನೆ. ಅವು ಇನ್ನು ತಿರುಗುವುದಿಲ್ಲ. ನನ್ನದು ಗುಂಡಿಯ ತಪ್ಪು. ಅಧ್ಯಕ್ಷರದು ಕಣ್ಣಿನ ತಪ್ಪು, ಅದರ ಮೇಲೆ ಬಾಯಿಯ ತಪ್ಪು. ಮುಂದಿನ ಸಭೆಯಲ್ಲಿ ಆ ನಲವತ್ತು ಜನರ ಎದುರು ಅವರು ಎದ್ದು ನಿಂತು ನನ್ನ ಕ್ಷಮೆ ಕೇಳಬೇಕು.