ನಾದಿನಿಯ ಹಾಡಿಗೆ ನಾನು ಎಳೆಸಿದ ಗೆರೆಗಳು

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ಇನ್ನೊಬ್ಬರ ಮನೆಯ ರೇಡಿಯೋ ಕೇಳಬೇಕೆ? ಅರಸೀಕೆರೆಯ ನಮ್ಮ ಬೀದಿಯಲ್ಲಿ ಈ ಪ್ರಶ್ನೆಯನ್ನು ನಾನು ಸಿಟ್ಟಿನಿಂದಲೇ ಕೇಳಿದ್ದೆ.

ನಾದಿನಿ ಶಾರದೆ ಭಾನುವಾರ ಬೆಳಿಗ್ಗೆ ಬೆಂಗಳೂರು ರೇಡಿಯೋದಲ್ಲಿ ಹದಿನೈದು ನಿಮಿಷ ಹಾಡುವವಳಿದ್ದಳು. ಅದನ್ನು ಕೇಳಲೆಂದೇ ಮಾವನವರು ಹಳೇಬೀಡಿನಿಂದ ಬರುತ್ತಿದ್ದರು. ಎದುರುಮನೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರಲ್ಲಿ ದೊಡ್ಡ ರೇಡಿಯೋ ಇದೆ, ಅಲ್ಲಿಗೇ ಹೋಗೋಣ ಎಂದಳು ನನ್ನ ಹೆಂಡತಿ ಕಮಲ. ನನಗೆ ಮೈ ಉರಿಯಿತು. ನಾನೇ ಟ್ರಾನ್ಸಿಸ್ಟರ್ ಸೆಟ್ಟು ಕಟ್ಟುತ್ತೇನೆಂದು ಘೋಷಿಸಿದೆ.

ಅದಕ್ಕೆ ತಂತಿ ಬೇಡ. ತಾಮ್ರ ಅಂಟಿಸಿದ ಹಲಗೆಯ ಮೇಲೆ ಬಣ್ಣದಿಂದ ಗೆರೆ ಎಳೆದು ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದರೆ, ಗೆರೆಯ ಕೆಳಗಿನ ತಾಮ್ರವಷ್ಟೇ ಉಳಿಯುತ್ತದೆ, ಅದೇ ತಂತಿ. ನಕ್ಷೆ ನನ್ನ ನೆನಪಿನದು, ಗೆರೆ ಎಳೆಯಲು ಕಮಲಳ ರಂಗೋಲಿ ಕೈ.

"ಈ ಗೆರೆ ನೇರವಾಗಿ ಬಂದ್ರೆ ಅರ್ಧ ಇಂಚು ಕಣ್ರೀ. ಹಲಗೆಯೆಲ್ಲ ಯಾಕೆ ಸುತ್ತಿಸ್ತೀರಿ?" ಎಂದಳು.

ಅಂದ ಎಂಬುದೊಂದು ಬೇಡವೆ ಎಂದು ರೇಗಿದೆ. ಅಲೆ ಹಿಡಿಯುವ ಏರಿಯಲ್ ಕಡ್ಡಿಯಿಂದ ಸಂಕೇತ ಒಳಬರುವ ಗೆರೆಯೂ ಅದು ಬಲಗೊಂಡು ಹೊರಹೋಗುವ ಗೆರೆಯೂ ದಂಪತಿಗಳಂತೆ ಜೊತೆಜೊತೆಯಾಗಿ ಹಲಗೆಯನ್ನು ಸುತ್ತಬೇಕು, ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದು ಹಾಗೇ ಎಂದೆ. ಹೇಳಿದ್ದು ಹಾಗೆಯೋ, ಹಾಗೆ ಮಾಡಬಾರದೆಂದೋ? ಜಗತ್ತಿನ ಸಕಲವನ್ನೂ ಸಂಶಯಿಸುತ್ತಿದ್ದ ನಾನು ನನ್ನ ನೆನಪಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೆ!

ಭಾನುವಾರ ಬಂತು. ಮಾವನವರು ಮಡಿ ಪಂಚೆಯುಟ್ಟು ಸೆಟ್ಟಿನ ಮುಂದೆ ಕುಳಿತರು. ಶಾರದೆಯ ಹೆಸರು ಕೇಳಿಸಿತು. ಮರುಕ್ಷಣವೇ ಶಿಳ್ಳೆ! ರೈಲು ನಿಲ್ದಾಣದ ಊರಾದ್ದರಿಂದ ಮೊದಲು ಎಂಜಿನ್ನನ್ನು ಬೈದೆ. ಆಮೇಲೆ ಬ್ಯಾಟರಿಯನ್ನು ಬೈದೆ, ಮೋಡವನ್ನೂ ಬಿಡಲಿಲ್ಲ. ಕೊನೆಗೆ ಮಾವನವರು ಎದ್ದು ಮಗಳ ಜೊತೆ ಎದುರುಮನೆಗೆ ಓಡಿದರು. ನಾನು ಹೋಗಲಿಲ್ಲ. ಗುಂಡಿ ಹಿಡಿದು ಇನ್ನಷ್ಟು ತಿರುವಿದೆ.

ಸ್ವಲ್ಪ ಹೊತ್ತಿಗೆ ರುದ್ರಪ್ಪನವರ ದೊಡ್ಡ ರೇಡಿಯೋದಿಂದಲೂ ಅದೇ ಶಿಳ್ಳೆ! ನನ್ನ ಎದೆ ಉಬ್ಬಿತು. ತಪ್ಪು ಬೆಂಗಳೂರಿನದೇ ಎಂದು ಕಿಟಕಿಯಿಂದಲೇ ಕೂಗಿ ಹೇಳಿದೆ. ಗುಂಡಿ ತಿರುವಿದೆ, ಅಲ್ಲಿಯೂ ಶಿಳ್ಳೆಯ ಶ್ರುತಿ ಏರಿತು. ಇಳಿಸಿದೆ, ಅಲ್ಲಿಯೂ ಇಳಿಯಿತು. ವಿಜ್ಞಾನದ ವಿದ್ಯಾರ್ಥಿಗೆ ಇಷ್ಟು ಸಾಕಿತ್ತು. ನನಗೆ ಸಾಲಲಿಲ್ಲ.

ಕಮಲ ದಡದಡನೆ ಬಂದು ನನ್ನ ಸೆಟ್ಟಿನ ಸ್ವಿಚ್ಚು ಆರಿಸಿದಳು. ಎದುರುಮನೆಯಿಂದ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು: "ಇದುವರೆಗೆ ಕುಮಾರಿ ಶಾರದೆಯವರ ಗಾಯನ ಕೇಳಿದಿರಿ."

ಹೊರಹೋಗುವ ಗೆರೆಯ ಬಲ ಪಕ್ಕದ ಗೆರೆಗೆ ಸೋರಿತ್ತು. ಸೆಟ್ಟು ತನ್ನ ಮಾತನ್ನು ತಾನೇ ಕೇಳಿ ಊಳಿಟ್ಟು, ಅದನ್ನು ಏರಿಯಲ್ ಕಡ್ಡಿಯ ಮೂಲಕ ಬೀದಿಗೂ ಹಂಚಿತ್ತು. ನಾನೇ ಒಂದು ರೇಡಿಯೋ ನಿಲಯವಾಗಿದ್ದೆ!

ರುದ್ರಪ್ಪನವರು ಜಗಲಿಗೆ ಬಂದು ನಿಂತರು. "ಏನ್ ಸ್ವಾಮಿ, ನಿಮ್ಮನೇಲಿ ಹಾಡು ಬರದಿದ್ರೆ ನಮ್ಮನೇಲೂ ಬರಬಾರ್ದಾ?"

ಮಾವನವರು ಊಟವನ್ನೂ ಮಾಡದೆ ಬಸ್ಸು ಹತ್ತಿದರು.

ವಾರ ಕಳೆದ ಮೇಲೆ ಶಾರದೆಯ ಕಾಗದ ಬಂತು: "ಭಾವ, ನನ್ನ ಹಾಡು ಹೇಗಿತ್ತು? ಅಪ್ಪನನ್ನು ಕೇಳಿದರೆ ನಿಮ್ಮನ್ನೇ ಕೇಳು ಅಂತಾರೆ." ಪುರಾವೆಯಿಲ್ಲದೆ ಏನನ್ನೂ ನಂಬದ ನಾನು "ಅಮೋಘವಾಗಿತ್ತು" ಎಂದು ಬರೆದು ಕಮಲಳ ಕೈಗೆ ಕೊಟ್ಟೆ. ಅವಳು ಕೆಳಗೆ ಒಂದು ಸಾಲು ಸೇರಿಸಿದಳು: "ನಿಮ್ಮ ಭಾವ ಶುರುವಿಂದ ಕೊನೇವರೆಗೂ ಶಿಳ್ಳೆ ಹಾಕ್ತಾ ಇದ್ರು ಕಣೇ, ನಮಗ್ಯಾರಿಗೂ ಏನೂ ಕೇಳಿಸ್ಲಿಲ್ಲ."

ಓದಿ ನೋಡಿದೆ. ತಿದ್ದುವಂಥದ್ದೇನೂ ಇರಲಿಲ್ಲ. ಸಹಿ ಹಾಕಿದೆ.