ಹೊಸ ಕಮಾನುಗಳಿಗೆ ಒಂದು ಹಳೆಯ ಸೊಂಟದ ವಂದನೆಗಳು

ಇವರಿಗೆ,
ನಮ್ಮ ಮೂವತ್ತೊಂದು ವರ್ಷದ ಜೀಪಿನ ಅಡಿಯಲ್ಲಿ ಹೊಸದಾಗಿ ಅಧಿಕಾರ ವಹಿಸಿಕೊಂಡಿರುವ ನಾಲ್ಕು ಕಮಾನುಗಳು ಮತ್ತು ನಾಲ್ಕು ಶಾಕ್ ಅಬ್ಸಾರ್ಬರ್‌ಗಳು.

ವಿಷಯ: ತಾವು ನನ್ನ ಸೊಂಟಕ್ಕೆ ಮಾಡಿದ ಮಹೋಪಕಾರದ ಬಗ್ಗೆ.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಗತಿಯೂ ಇಲ್ಲ. ಏಕೆಂದರೆ ನಮ್ಮ ಯಜಮಾನರು ದಿನಕ್ಕೆರಡು ಸಲ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಅಂಗಾತ ಮಲಗಿ, ಟಾರ್ಚು ಹಿಡಿದು ತಮ್ಮ ಯೋಗಕ್ಷೇಮ ವಿಚಾರಿಸುತ್ತಾರೆ. ಅಕ್ಕಪಕ್ಕದ ಮನೆಯ ಗಂಡಸರೂ ಬೆಳಗಿನ ವಾಕಿಂಗ್ ನಿಲ್ಲಿಸಿ, ಮೊಣಕಾಲೂರಿ, ತಮ್ಮ ಹಳದಿ ಬಣ್ಣವನ್ನು ಕಣ್ತುಂಬಾ ನೋಡಿಕೊಂಡು ಹೋಗುತ್ತಾರೆ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಕೂಡ ಇಷ್ಟು ಜನ ಇಷ್ಟು ಬಗ್ಗಿ ನೋಡಿರಲಿಲ್ಲ.

ನನ್ನ ಪರಿಚಯ ತಮಗೆ ಇರಲಾರದು, ಅದೇ ಈ ಪತ್ರದ ಕಾರಣ. ತಾವು ಯಾವ ಸೊಂಟದ ಹೆಸರು ಹೇಳಿಕೊಂಡು ಈ ಮನೆಗೆ ಪ್ರವೇಶ ಪಡೆದಿರೋ ಆ ಸೊಂಟದ ಒಡತಿ ನಾನು. ವಯಸ್ಸು ಅರವತ್ತೆಂಟು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ಅಳತೆ ತೆಗೆಯದೆ ಇಂದಿನವರೆಗೆ ಒಂದು ಕರವಸ್ತ್ರವನ್ನೂ ಕತ್ತರಿಸಿದವಳಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

ತಮ್ಮ ಆಗಮನದ ಹಿನ್ನೆಲೆ ಹೀಗಿದೆ. ಗುಡ್ಡದ ಮೇಲೆ ನನ್ನ ಅಕ್ಕ ಇದ್ದಾಳೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಈಗಲೂ ನನ್ನನ್ನು ಪುಟ್ಟಿ ಎಂದೇ ಕರೆಯುವವಳು. ಅವಳ ಮನೆಗೆ ಹೋಗುವ ಹನ್ನೆರಡು ಕಿಲೋಮೀಟರನ್ನು ರಸ್ತೆ ಎಂದು ಕರೆಯುವುದು ಸರ್ಕಾರಿ ನಕ್ಷೆ ಮಾತ್ರ. ನಮಗೆಲ್ಲ ಅದು ಕಲ್ಲಿನ ರಾಶಿ. ಬಸ್ಸು ಗುಡ್ಡದ ಬುಡದಲ್ಲೇ ಕೈಮುಗಿದು ವಾಪಸು ಹೋಗುತ್ತದೆ, ನಮ್ಮ ಜೀಪು ಮಾತ್ರ ಹತ್ತುತ್ತದೆ. ಪ್ರತಿ ಭಾನುವಾರ ಹೋಗಿ ಬರುವುದು ಪದ್ಧತಿ. ಒಂದು ಭಾನುವಾರ, ದೊಡ್ಡದೊಂದು ಕಲ್ಲು ಹತ್ತಿಳಿದಾಗ ನಾನು "ಅಮ್ಮಾ" ಅಂದೆ. ಬೇರೇನೂ ಅನ್ನಲಿಲ್ಲ. ಯಜಮಾನರ ಕಣ್ಣಲ್ಲಿ ಅಂದು ಹೊಳೆದ ಬೆಳಕನ್ನು ನಾನು ಕರುಣೆ ಅಂದುಕೊಂಡೆ. "ನಿನ್ನ ಸೊಂಟಕ್ಕೆ ಏನಾದ್ರೂ ಮಾಡ್ಲೇಬೇಕು ಕಣೇ" ಅಂದರು. ಮಾರನೆಯ ದಿನ ಗ್ಯಾರೇಜಿನ ಮೇಸ್ತ್ರಿ ನಮ್ಮ ಅಂಗಳದಲ್ಲಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಆ ಮೇಸ್ತ್ರಿ ಕೇಳದ ಪ್ರಶ್ನೆಯಿರಲಿಲ್ಲ. ಎಷ್ಟು ಭಾರ ಹೇರ್ತೀರಿ, ಎಂಥಾ ಕಲ್ಲು, ಎಷ್ಟು ನೀರು ದಾಟಬೇಕು, ಹಿಂದೆ ಎಷ್ಟು ಜನ ಕೂರ್ತಾರೆ. ಎಲ್ಲವನ್ನೂ ಬರೆದುಕೊಂಡ. ಸೊಂಟದ ಒಡತಿ ಕಾಲನ್ನು ಎಷ್ಟು ಎತ್ತರಕ್ಕೆ ಎತ್ತಬಲ್ಲಳು ಎಂಬುದೊಂದನ್ನು ಬಿಟ್ಟು. ಕೊರಳಿಗೆ ಟೇಪು ಹಾಕಿಕೊಂಡು ನಾನು ಮೂರಡಿ ದೂರದಲ್ಲೇ ನಿಂತಿದ್ದೆ.

ಮೂರು ವಾರ ಗ್ಯಾರೇಜಿನಲ್ಲಿದ್ದು ತಾವು ಬಂದಿರಿ. ತಮ್ಮ ಬಾಗು, ತಮ್ಮ ಬಿಗಿ, ತಮ್ಮ ಹೊಳಪು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ತಾವು ಜೀಪನ್ನು ನಾಲ್ಕು ಅಂಗುಲ ಎತ್ತಿದಿರಿ. ಅಷ್ಟಾದ ಮೇಲೆ ಚಿಕ್ಕ ಚಕ್ರ ಶೋಭಿಸುವುದಿಲ್ಲವೆಂದು ಯಜಮಾನರು ದೊಡ್ಡ ಟೈರು ಹಾಕಿಸಿ ಇನ್ನೆರಡು ಅಂಗುಲ ಎತ್ತಿದರು. ನಾನು ಟೇಪು ಹಿಡಿದು ನೋಡಿದೆ. ನೆಲದಿಂದ ಜೀಪಿನ ಹೊಸ್ತಿಲಿಗೆ ಮೊದಲು ಇಪ್ಪತ್ತೊಂದು ಅಂಗುಲ, ಈಗ ಇಪ್ಪತ್ತೇಳು. ಒಳಗೆ ಬಂದು, ಗೋಡೆಗೆ ಎದುರಾಗಿ ನಿಂತು, ನನ್ನ ಕಾಲು ಏರುವಷ್ಟು ಏರಿಸಿ, ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆದೆ. ಇಪ್ಪತ್ತೊಂದೂವರೆ.

ಹೀಗೆ, ಮಾನ್ಯರೇ, ನನ್ನ ಸೊಂಟದ ಸುಖಕ್ಕಾಗಿ ಸಿದ್ಧವಾದ ಆ ಆಸನವನ್ನು ನನ್ನ ಸೊಂಟವೊಂದನ್ನು ಬಿಟ್ಟು ಊರಿನ ಎಲ್ಲ ಸೊಂಟಗಳೂ ತಲುಪಬಲ್ಲವಾದವು. ಪ್ಲಾಸ್ಟಿಕ್ ಸ್ಟೂಲು ಇಟ್ಟು ನೋಡಿದೆವು. ಅದು ಒಂದು ಕಾಲು ಮುರಿದುಕೊಂಡು ತನ್ನ ಅಭಿಪ್ರಾಯ ತಿಳಿಸಿತು. ಪಕ್ಕಕ್ಕೆ ಮೆಟ್ಟಿಲು ಹಾಕಿಸಿ ಅಂದೆ. "ಮೆಟ್ಟಿಲು ಹಾಕಿದ್ರೆ ಕಲ್ಲಿಗೆ ತಾಗುತ್ತೆ, ಎತ್ತರ ಮಾಡ್ಸಿದ್ದೇ ದಂಡ ಆಗುತ್ತೆ" ಎಂದರು ಯಜಮಾನರು. "ನಾನೂ ಮೇಸ್ತ್ರಿಯೂ ಸೇರಿ ನಿನ್ನ ಎತ್ತಿ ಕೂರಿಸ್ತೀವಿ" ಎಂದೂ ಅಂದರು. ನಾನು ಕತ್ತರಿ ಕೈಗೆತ್ತಿಕೊಂಡ ಮೇಲೆ ಆ ಮಾತನ್ನು ಯಾರೂ ಮುಂದುವರಿಸಲಿಲ್ಲ.

ಆಮೇಲೆ ನಡೆದದ್ದನ್ನು ತಾವು ಬಲ್ಲಿರಿ, ಆದರೂ ದಾಖಲೆಗಾಗಿ ಬರೆಯುತ್ತೇನೆ. ತಮ್ಮನ್ನು ಪರೀಕ್ಷೆ ಮಾಡದೆ ಯಜಮಾನರಿಗೆ ಊಟ ಸೇರದು. ಪರೀಕ್ಷೆಗೆ ನಾನು ಬೇಕು. ನಾನು ಹತ್ತಲಾರೆ. ಆದ್ದರಿಂದ ಅವರು ನನ್ನ ತೂಕಕ್ಕೆ ಸರಿಯಾಗಿ ಅರವತ್ತನಾಲ್ಕು ಕಿಲೋ ಮರಳು ತೂಗಿ, ಮೂಟೆ ಕಟ್ಟಿ, ಮೇಸ್ತ್ರಿಯ ಜತೆ ಸೇರಿ ಎತ್ತಿ ನನ್ನ ಜಾಗದಲ್ಲಿ ಕೂರಿಸಿ, ಬೀಳದ ಹಾಗೆ ಬೆಲ್ಟು ಬಿಗಿದು, ಭಾನುವಾರ ಅಕ್ಕನ ಮನೆಗೆ ಹೊರಟುಹೋದರು. ಸಂಜೆ ಮರಳಿ ಬಂದಾಗ ಮುಖ ಅರಳಿತ್ತು. "ಒಂಚೂರೂ ಕುಲುಕಲಿಲ್ಲ ಕಣೇ, ಮೂಟೆ ಹೆಂಗಿತ್ತೋ ಹಂಗೇ ಕೂತಿತ್ತು!" ಎಂದರು. ಮರಳಿನ ಸೊಂಟ ನೋಯದಂತೆ ನೋಡಿಕೊಂಡ ತಮಗೆ ನಾನು ಚಿರಋಣಿ.

ಇಲ್ಲಿಯವರೆಗೆ ನಕ್ಕಿದ್ದೇನೆ, ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ. ಜೀಪು ಗ್ಯಾರೇಜಿಗೆ ಹೋಗುವ ಮುಂಚಿನ ಭಾನುವಾರ ನಾನು ಅಕ್ಕನಿಗೆ ಚಳಿಗೆಂದು, ಅಳತೆಪುಸ್ತಕದಲ್ಲಿದ್ದ ಅವಳ ಅಳತೆಗೆ, ಒಂದು ಉಣ್ಣೆಯ ಕೋಟು ಹೊಲಿದು ಒಯ್ದಿದ್ದೆ. ಹಾಕಿಕೊಂಡಳು; ಭುಜದಿಂದ ಜೋತುಬಿತ್ತು. "ಪುಟ್ಟಿ, ನಿಂಗೆ ಅಳತೆ ತಪ್ಪೋ ವಯಸ್ಸಾಯ್ತು" ಅಂದಳು. ನಲವತ್ತು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. "ನನ್ನ ಅಳತೆ ತಪ್ಪಿಲ್ಲ, ನೀನೇ ಕರಗಿದ್ದೀಯ" ಎಂದು ನಾನು ರೇಗಿದೆ. ಅವಳು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು, ನಾನು ಚಪ್ಪಲಿ ಮೆಟ್ಟಿಕೊಂಡೆ. ದಾರಿಯುದ್ದಕ್ಕೂ ನಾನು ಅಂದ ಮಾತೇ ನನ್ನನ್ನು ಕೊರೆಯುತ್ತಿತ್ತು. ನಿಜವಾಗಿ ಅವಳು ಕರಗಿದ್ದಳು, ಅದನ್ನು ನಾನು ಜಗಳದ ಮಾತಾಗಿ ಆಡಿಬಿಟ್ಟಿದ್ದೆ. ಮುಂದಿನ ವಾರ ಹೋಗಿ ಸರಿಮಾಡಬೇಕೆಂದಿದ್ದೆ. ಫೋನಿನಲ್ಲಿ ಆಗದ ಕೆಲಸವದು. ಅಕ್ಕನಿಗೆ ಕಿವಿ ಮಂದ. ಫೋನು ಎತ್ತಿದರೆ "ಊಟ ಆಯ್ತಾ, ಸರಿ ಹಾಗಾದ್ರೆ" ಎಂದು ಕೂಗಿ ಇಟ್ಟುಬಿಡುತ್ತಾಳೆ.

ಮುಂದಿನ ವಾರ ಎಂಬುದನ್ನು ತಾವು ಏಳು ವಾರ ಮಾಡಿದಿರಿ. ವಾರಗಟ್ಟಲೆ ಮುಖ ತೋರಿಸದ ತಂಗಿಯ ಜಾಗದಲ್ಲಿ ಬೆಲ್ಟು ಬಿಗಿದ ಮೂಟೆಯೊಂದು ಬಂದರೆ ಅಕ್ಕ ಏನೆಂದುಕೊಳ್ಳಬೇಕು? "ಪುಟ್ಟಿ ಎಲ್ಲಿ" ಎಂದು ಕೇಳಿದ್ದಕ್ಕೆ ಸತ್ಯಸಂಧರಾದ ನಮ್ಮ ಯಜಮಾನರು "ಅವಳ ಬದಲು ಇದು ಬಂದಿದೆ" ಎಂದು ತೋರಿಸಿದರಂತೆ. ಅಕ್ಕ ಮೂಟೆಯನ್ನು ನೋಡಿ, "ಇದೇ ವಾಸಿ ಬಿಡಿ, ಅಂದದ್ದಕ್ಕೆಲ್ಲ ಸಿಟ್ಟು ಮಾಡ್ಕೊಂಡು ಕೂರಲ್ಲ" ಎಂದು ಒಳಗೆ ಹೋದಳಂತೆ. ಇದನ್ನು ಯಜಮಾನರು ತಮಾಷೆಯೆಂದು ಹೇಳಿ ನಕ್ಕರು. ನಾನು ಯಂತ್ರದ ಮುಂದೆ ಕೂತು, ಸೂಜಿಕಣ್ಣು ಹೊಗದ ದಾರವನ್ನು ಪೋಣಿಸುತ್ತಾ ಅತ್ತೆ.

ಆಗ ತಮ್ಮಲ್ಲಿ ಕೆಲವು ಬಿನ್ನಹಗಳನ್ನು ಮಾಡಿಕೊಳ್ಳಬೇಕೆಂದಿದ್ದೆ. ತಾವು ಆನೆಯಂತೆ ಮುಂಗಾಲು ಮಡಿಸಿ ಕೂತು ನನ್ನನ್ನು ಹತ್ತಿಸಿಕೊಳ್ಳಬೇಕು. ಮೈ ಬಗ್ಗಿಸುವುದು ತಮ್ಮ ಘನತೆಗೆ ಕುಂದಾದರೆ ನಮ್ಮ ಗೇಟಿನಿಂದ ಅಕ್ಕನ ಬಾಗಿಲವರೆಗಿನ ಭೂಮಿಯನ್ನೇ ಆರು ಅಂಗುಲ ಮೇಲೆತ್ತಿಕೊಡಬೇಕು. ಅದೂ ಆಗದಿದ್ದರೆ ತಮ್ಮ ಬಳಗದವರೇ ಯಾರಾದರೂ ನನ್ನ ಮೊಣಕಾಲಿನೊಳಗೆ ನೌಕರಿಗೆ ಸೇರಬೇಕು, ಗ್ರೀಸು ನಾನೇ ಹಚ್ಚುತ್ತೇನೆ. ಆದರೆ ತಾವು ಬಿಡುವಿಲ್ಲದವರು. ಆದ್ದರಿಂದ ಬಿನ್ನಹವನ್ನು ತಮಗಿಂತ ಮೊದಲು ಆ ಹುದ್ದೆಯಲ್ಲಿದ್ದವರಿಗೆ ಸಲ್ಲಿಸಿದೆ.

ಹಳೆಯ ಕಮಾನುಗಳು ನಮ್ಮ ಹಿತ್ತಿಲಿನಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದ್ದವು. ನನ್ನನ್ನು ಕುಲುಕಿ ಕುಲುಕಿ ಅವುಗಳ ಬಾಗೆಲ್ಲ ಹೋಗಿ, ಹಲಗೆಯಂತೆ ಚಪ್ಪಟೆಯಾಗಿದ್ದವು. ಅವುಗಳಲ್ಲಿ ಉದ್ದನೆಯ ಪಟ್ಟಿಯೊಂದನ್ನು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ನಮ್ಮ ಸೊಸೆ ಸ್ಕೂಟರಿನ ಮುಂದಿಟ್ಟುಕೊಂಡು ಕಿಟಕಿ ಗ್ರಿಲ್ ಮಾಡುವವನ ಬಳಿಗೆ, ಜೀಪಿಗೊಂದು ಮೆಟ್ಟಿಲು ಮಾಡಿಸಲು ಒಯ್ದಳು. "ಈ ಉಕ್ಕಿಗೆ ವೆಲ್ಡ್ ಹಿಡಿಯಲ್ಲಕ್ಕ, ಬಿರುಕು ಬಿಡುತ್ತೆ. ಎರಡು ತುದಿಗೂ ಬಳೆ ಥರ ಕಿವಿ ಇದೆಯಲ್ಲಾ, ಸರಪಳಿ ಹಾಕಿ ತೂಗು ಹಾಕ್ತೀನಿ, ಕಲ್ಲು ತಾಗಿದ್ರೆ ತಾನೇ ಹಿಂದಕ್ಕೆ ಹೋಗುತ್ತೆ" ಎಂದನಂತೆ. ಅವನೂ ಅಳತೆ ಕೇಳಿದ. ನೆಲದಿಂದ ಹದಿಮೂರು ಅಂಗುಲ ಎಂದು ಬರೆದುಕೊಟ್ಟೆ. ಕೇಳಿದನಲ್ಲ, ಅಷ್ಟಕ್ಕೇ ಅವನ ಮಗಳ ಫ್ರಾಕನ್ನು ಪುಕ್ಕಟೆ ಹೊಲಿದುಕೊಡುತ್ತೇನೆ.

ಇಂದು ಬೆಳಿಗ್ಗೆ ಯಜಮಾನರು ಕ್ಷೌರಕ್ಕೆ ಹೋಗಿದ್ದಾಗ ಅವನು ಬಂದು ಮೆಟ್ಟಿಲನ್ನು ತೂಗುಹಾಕಿದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಾನು ಒಳಗೆ. "ಈ ಜೀಪಿನ ಮನಸ್ಸು ನನ್ನೊಬ್ಬನಿಗೇ ಗೊತ್ತು" ಎಂದು ಯಜಮಾನರು ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ಸ್ಟೇರಿಂಗನ್ನು ಸೊಸೆ ಹಿಡಿದಳು. ದಾರಿಯಲ್ಲಿ ತಾವು ತೋರಿದ ಮೃದುತ್ವವನ್ನು ಮುಚ್ಚಿಡಲಾರೆ. ಸೊಂಟ ಒಮ್ಮೆಯೂ ಕೂಗಲಿಲ್ಲ. ಸಂಕಟವೇನೆಂದರೆ ತಾವು ನಿಜಕ್ಕೂ ಚೆನ್ನಾಗಿದ್ದೀರಿ.

ಈ ಪತ್ರವನ್ನು ಬರೆಯುತ್ತಿರುವುದು ಅಕ್ಕನ ಅಡುಗೆಮನೆಯ ಮೇಜಿನ ಮೇಲೆ. ನಾನು ಇಳಿಯುವುದನ್ನು ಬಾಗಿಲಲ್ಲಿ ನಿಂತು ನೋಡಿದ ಅಕ್ಕ, "ಮೂಟೆ ಬರಲಿಲ್ವಾ?" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡವಳು ಒಳಗೆ ಬರುವವರೆಗೆ ಬಿಡಲಿಲ್ಲ. ನಾನು ಟೇಪು ತೆಗೆದು ಅವಳ ಎದೆಯ ಸುತ್ತ ಹಿಡಿದೆ. ಹೋದ ವರ್ಷ ನನ್ನ ಅಳತೆಪುಸ್ತಕದಲ್ಲಿ ಬರೆದದ್ದಕ್ಕಿಂತ ನಾಲ್ಕು ಅಂಗುಲ ಕಡಿಮೆ. ಅವಳಿಗೂ ಕಾಣಲೆಂದು ಟೇಪಿನ ಮೇಲೆ ಬೆರಳಿಟ್ಟು ತೋರಿಸಿದೆ. "ಒಬ್ಬಳಿಗೇ ಒಲೆ ಹಚ್ಚೋಕೆ ಬೇಜಾರು ಕಣೇ" ಎಂದಳು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಕೋಟನ್ನು ಹಿಡಿದು ಚಿಕ್ಕದು ಮಾಡಿಕೊಡಲು ನನಗೆ ಅರ್ಧ ಗಂಟೆ ಸಾಕು. ಆದರೆ ಮಾಡುವುದಿಲ್ಲ. ಆ ಕೋಟಿಗೆ ಅಕ್ಕನೇ ಸರಿಹೋಗಬೇಕು, ಅಲ್ಲಿಯವರೆಗೆ ಇಲ್ಲಿ ಒಲೆ ಹಚ್ಚುವವಳು ನಾನು.

ಆದ್ದರಿಂದ ತಾವು ಸೊಸೆಯೊಂದಿಗೆ ಮರಳಿ ಹೋಗಿ. ಈ ಪತ್ರವನ್ನು ಮುಂದಿನ ಗಾಜಿನ ಒರಸುಕಡ್ಡಿಗೆ ಸಿಕ್ಕಿಸಿರುತ್ತೇನೆ. ಬಹಿರಂಗ ಪತ್ರವಾದುದರಿಂದ ಬಗ್ಗಿ ನೋಡಲು ಬರುವ ನೆರೆಹೊರೆಯವರು ಈ ಸಲ ನೆಟ್ಟಗೆ ನಿಂತು ಓದಿಕೊಳ್ಳಬಹುದು.

ತಮ್ಮ ಔನ್ನತ್ಯವನ್ನು ಎರಡೇ ಹೆಜ್ಜೆಯಲ್ಲಿ ತಲುಪಿದ,
ತಮ್ಮ ವಿಶ್ವಾಸಿ,
ಸೊಂಟದ ಒಡತಿ

ತಾ.ಕ.: ಮರಳಿನ ಮೂಟೆಯನ್ನು ಮನೆಯಲ್ಲಿ ನನ್ನ ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂರಿಸಲು ಸೊಸೆಗೆ ಹೇಳಿದ್ದೇನೆ, ಗ್ರಿಲ್ಲಿನವನು ಎತ್ತಿಕೊಡುತ್ತಾನೆ. ಊಟಕ್ಕೇನು ಎಂದು ಯಜಮಾನರು ಅದನ್ನೇ ಕೇಳಲಿ. ತೂಕ ಸರಿಯಾಗಿಯೇ ಇದೆ, ಅವರೇ ತೂಗಿದ್ದು.