ಹನ್ನೊಂದು ಡ್ರ್ಯಾಗನ್‌ಗಳ ಮೊಟ್ಟೆ ಪರೀಕ್ಷೆ

ಎಲ್ಲ ಅನಾಹುತಕ್ಕೂ ಷಾವೊ ಚಿಕ್ಕಮ್ಮನ ಒಳ್ಳೆಯ ಮನಸ್ಸೇ ಕಾರಣ. ಅಂದು ಸಂಜೆ ಕುನ್‌ಮಿಂಗ್‌ನ ನಮ್ಮ ಓಣಿಯ ಚಹಾ ಅಂಗಡಿಯಲ್ಲಿ ತುವಾನ್ ಮೇಷ್ಟ್ರ ಡ್ರ್ಯಾಗನ್ ಮುದ್ರೆಯ ಹಳೆಯ ಬೆಳ್ಳಿ ನಾಣ್ಯಗಳ ಪ್ರದರ್ಶನವಿತ್ತು. ಫಲಕದ ಮೇಲೆ, ತೀರಿಹೋದ ಹೆಂಡತಿ ಯೂಝೆನ್ ಹೆಸರನ್ನು ಅವರೇ ಕುಂಚ ಹಿಡಿದು ಬರೆದಿದ್ದರು. ಬದುಕಿದ್ದಾಗ ಆಕೆಗೆ ಒಂದು ಒಳ್ಳೆಯ ಉಡುಪನ್ನೂ ಕೊಡಿಸಿರಲಿಲ್ಲ. ಈ ಗೌರವವಾದರೂ ಸಲ್ಲಲಿ ಎಂಬ ಆಸೆ.

ಅವರು ಫಲಕ ತೂಗುಹಾಕಿ ಬರುವಷ್ಟರಲ್ಲಿ ಪಕ್ಕದ ಮನೆಯ ಷಾವೊ ಚಿಕ್ಕಮ್ಮ ಹನ್ನೊಂದು ನಾಣ್ಯಗಳನ್ನೂ ಸೋಪು ಹಾಕಿ ತಿಕ್ಕಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು.

"ನೋಡಿ ಮೇಷ್ಟ್ರೇ, ಮದುವಣಗಿತ್ತಿ ಹಂಗೆ ಹೊಳೀತಾವೆ!"

"ಅಯ್ಯೋ, ಹಾಳು ಮಾಡಿದ್ಯಲ್ಲಮ್ಮಾ! ಆ ಕಪ್ಪು ನನ್ನ ಯೂಝೆನ್ ಕೈಯಿಂದ ಬಂದಿದ್ದು!"

ನಮ್ಮಲ್ಲಿ ಜ್ವರ ಬಂದರೆ ಬೆಳ್ಳಿ ನಾಣ್ಯವನ್ನು ಬೇಯಿಸಿದ ಬಿಸಿ ಮೊಟ್ಟೆಯೊಳಗಿಟ್ಟು, ಬಟ್ಟೆ ಸುತ್ತಿ ಮೈಗೆ ಉಜ್ಜುತ್ತಾರೆ, ಬೆಳ್ಳಿ ಕಪ್ಪಾಗುತ್ತದೆ. ಮೇಷ್ಟ್ರಿಗೆ ಅದೇ ಅಸಲಿ ಬೆಳ್ಳಿಯ ಪರೀಕ್ಷೆ. ಅವರು ಸಂತೆಯಿಂದ ನಾಣ್ಯ ತಂದಾಗಲೆಲ್ಲ ಯೂಝೆನ್ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದಳು. ಕಪ್ಪಾದ ನಾಣ್ಯವನ್ನು ಪಾರದರ್ಶಕ ಕಾಗದದಲ್ಲಿ ಸುತ್ತಿ ತಂದು, "ಅಸಲಿ ಕಣ್ರೀ," ಎನ್ನುತ್ತಿದ್ದಳು. ಬರಿಗೈ ತಗುಲಿದರೆ ನಾಣ್ಯ ಕೆಡುತ್ತದೆಂದು ಇವರು ಮತ್ತೆ ಬಿಚ್ಚುತ್ತಲೇ ಇರಲಿಲ್ಲ. ಆಮೇಲೆ ಶುರು ಉಪನ್ಯಾಸ: ಚಕ್ರವರ್ತಿ ಒಬ್ಬನೇ, ಟಂಕಸಾಲೆ ಮಾತ್ರ ಪ್ರಾಂತಕ್ಕೊಂದು, ಹುಬೆಯ ಡ್ರ್ಯಾಗನ್ ಹೀಗೆ, ಜಿಲಿನ್‌ದು ಹಾಗೆ, ನಮ್ಮ ಯುನ್ನಾನ್‌ದು ಹೇಸರಗತ್ತೆಯ ಬೆನ್ನೇರಿ ಬೆಟ್ಟ ದಾಟಿದ್ದು. ಆಕೆ ಸೊಪ್ಪು ಸೋಸುತ್ತ ಹೂಂಗುಟ್ಟುತ್ತಿದ್ದಳು.

"ಅದಕ್ಯಾಕೆ ಅಳ್ತೀರಿ?" ಎಂದ ಚಹಾ ಅಂಗಡಿಯ ಹೌ. "ಇನ್ನೊಂದ್ಸಲ ಕಪ್ಪು ಮಾಡಿದ್ರಾಯ್ತಪ್ಪ!"

ಓಣಿಗೆ ಓಣಿಯೇ ಮೊಟ್ಟೆ ಹಿಡಿದು ಬಂತು. ಹನ್ನೊಂದು ಮೊಟ್ಟೆ ಬೆಂದವು. ಬಟ್ಟೆ ಬಿಚ್ಚಿದರೆ ನಾಣ್ಯಗಳು ಹೊಳೆಯುತ್ತಲೇ ಇದ್ದವು.

"ಕೋಳಿ ಮೊಟ್ಟೇಲಿ ದಮ್ಮಿಲ್ಲ, ಬಾತುಕೋಳೀದು ತನ್ನಿ," ಎಂದ ಹೌ.

ಅದೂ ಆಯಿತು. ಕೊನೆಗೆ ಚಿಕ್ಕಮ್ಮ ತನ್ನ ಬೆಳ್ಳಿ ಉಂಗುರವನ್ನು ಅದೇ ಮೊಟ್ಟೆಯೊಳಗೆ ತುರುಕಿದಳು. ಉಂಗುರ ಕಪ್ಪಾಯಿತು. ಹೌ ಕಿಸಕ್ಕನೆ ನಕ್ಕ. ಬೇರೆ ಯಾರೂ ನಗಲಿಲ್ಲ.

"ಬೆಳ್ಳೀನೇ ಅಲ್ವಾ?" ಮೇಷ್ಟ್ರ ದನಿ ಸಣ್ಣಗಾಯಿತು. "ಹಂಗಾದ್ರೆ ಆ ಕಪ್ಪು ಎಲ್ಲಿಂದ ಬಂತು?"

ಚಿಕ್ಕಮ್ಮ ಕೈಗಳನ್ನು ಅಂಗಿಗೇ ಒರೆಸಿಕೊಂಡಳು. "ಈಗ ಗೊತ್ತಾಯ್ತು ಮೇಷ್ಟ್ರೇ. ಯೂಝೆನ್ ಅಕ್ಕ ಆಗಾಗ ಬಂದು ನಮ್ಮನೆ ಬಾಣಲೆ ತಳದ ಮಸಿ ಕೆರಕೊಂಡು ಹೋಗೋಳು. ಯಾಕೆ ಅಂದ್ರೆ, ಹುಬ್ಬಿಗೆ ತೀಡ್ಕೊಳೋಕೆ ಅನ್ನೋಳು. ಮುದುಕೀಗೆ ಶೋಕಿ ನೋಡು ಅಂತ ನಾವೆಲ್ಲ ಆಡ್ಕೊಂಡು ನಕ್ಕಿದ್ವಿ."

ಹೊರಗೆ ಪ್ರದರ್ಶನಕ್ಕೆ ಜನ ಸೇರತೊಡಗಿದ್ದರು.

"ನೀವು ಬರೀ ನಕ್ರಿ ಕಣಮ್ಮಾ," ಎಂದರು ಮೇಷ್ಟ್ರು. "ನಾನು ಇದೇ ಅಂಗಡೀಲಿ, ಎಲ್ಲರ ಮುಂದೆ ಅವಳಿಗೆ ಬೈದಿದ್ದೆ. ಈ ವಯಸ್ಸಲ್ಲಿ ಹುಬ್ಬಿಗೆ ಮಸಿ ತೀಡ್ಕೊಳೋಕೆ ನಾಚಿಕೆ ಆಗಲ್ವೇನೇ ಅಂತ. ಒಂದು ಮಾತೂ ಆಡ್ಲಿಲ್ಲ ಅವಳು."